ಎಡಗೈ ಸುಮ್ಮನಾದ ಮೇಲೆ

ಕಳೆದ ಸಂಚಿಕೆಯಲ್ಲಿ ಜಾಝ್ ಪಿಯಾನೊ ವಾದಕ ಆಸ್ಕರ್ ಪೀಟರ್ಸನ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅವರು ಹುಟ್ಟಿ ನೂರು ವರ್ಷ ತುಂಬಿತು ಎಂಬುದೇ ಅದಕ್ಕೆ ನೆಪ. 1925ರ ಆಗಸ್ಟ್ 15ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಹುಟ್ಟಿದರು. 2007ರ ಡಿಸೆಂಬರ್ 23ರಂದು ತೀರಿಕೊಂಡರು. ನಡುವೆ, 1993ರಲ್ಲಿ, ಲಕ್ವ ಹೊಡೆದು ಎಡಗೈ ಸೋತಿತು. ಆದರೂ ಮತ್ತೆ ಪಿಯಾನೊ ಮುಂದೆ ಕೂತರು ಎಂದು ಬರೆದಿದ್ದೆ. ಆ ಒಂದು ಸಾಲು ಹಿಡಿದುಕೊಂಡು ಬಂದ ಪತ್ರಗಳೇ ಜಾಸ್ತಿ.

ಕಾರವಾರದ ಕಾಜುಬಾಗದಲ್ಲಿ ಕೂತು ನಲವತ್ತು ವರ್ಷದಿಂದ ಪೇಟಿ (ಹಾರ್ಮೋನಿಯಂ), ಪಿಯಾನೊ ಹೇಳಿಕೊಡುತ್ತಿದ್ದೇನೆ. ಪೀಟರ್ಸನ್ ಹೆಸರು ನಮ್ಮ ಮನೆಗೆ ಬಂದದ್ದು ಸಮುದ್ರದ ದಾರಿಯಲ್ಲಿ. ಅಣ್ಣ ಹಡಗಿನಲ್ಲಿ ಕೆಲಸಕ್ಕಿದ್ದ. 1981ರಲ್ಲಿ ರಜೆಗೆ ಬಂದಾಗ ಒಂದು ಕ್ಯಾಸೆಟ್ ತಂದ. ಅದು ಸವೆದು ಕೀರಲು ಶುರುವಾಗುವ ತನಕ ಕೇಳಿದೆ. ಇಬ್ಬರು ಸೇರಿ ನುಡಿಸುತ್ತಿದ್ದಾರೆ ಅಂತಲೇ ಮೊದಲ ದಿನ ತಿಳಿದಿದ್ದೆ.

ಪತ್ರ ಬರೆದವರಲ್ಲಿ ಹೆಚ್ಚಿನವರು ಹೆಸರು ಬೇಡ ಎಂದಿದ್ದಾರೆ. ಹಾಗಾಗಿ ಎಲ್ಲರದ್ದೂ ಊರಷ್ಟೇ ಹಾಕಿದ್ದೇನೆ.

ಶಿರಸಿಯಿಂದ: ನೀವು ಬರೆದದ್ದು ಓದಿ ಮೊಬೈಲಿನಲ್ಲಿ ಪೀಟರ್ಸನ್ ಕೇಳಿದೆ. ಬೆರಳಿನ ವೇಗ ನೋಡಿ ಬೆರಗಾಯಿತು. ಆದರೆ ರಾಗ ಗೊತ್ತಾಗಲ್ಲ, ತಾಳ ಸಿಗಲ್ಲ. ಮೂರು ಜನ ಮೂರು ದಿಕ್ಕಿಗೆ ಹೋದ ಹಾಗೆ ಕೇಳಿಸಿತು. ಇದಕ್ಕೆ ಕಟ್ಟುಪಾಡು ಅಂತ ಏನಾದರೂ ಇದೆಯಾ?

ಇದೆ. ಬಹಳ ಬಿಗಿಯಾದ ಕಟ್ಟುಪಾಡೇ ಇದೆ. ನೀವು ಶಿರಸಿಯವರು, ತಾಳಮದ್ದಲೆ ಕೇಳಿಯೇ ಇರುತ್ತೀರಿ. ಭಾಗವತರು ಪದ್ಯ ಹೇಳುತ್ತಾರೆ. ಪದ್ಯ ಎಲ್ಲರಿಗೂ ಗೊತ್ತು, ಕಥೆಯೂ ಗೊತ್ತು. ಆಮೇಲೆ ಅರ್ಥಧಾರಿ ಮಾತು ಶುರು ಮಾಡುತ್ತಾರೆ. ಆ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಅಲ್ಲೇ, ಆಗಲೇ ಹುಟ್ಟಬೇಕು. ಹಾಗಂತ ಕರ್ಣಪರ್ವದಲ್ಲಿ ಕೂತವರು ಸುಮ್ನೆ ಬಾಯಿಗೆ ಬಂದದ್ದು ಆಡಲಿಕ್ಕೆ ಆಗುತ್ತದೆಯೇ? ಪದ್ಯದ ಆಶಯ ಬಿಡುವ ಹಾಗಿಲ್ಲ. ಎದುರಿನವರ ಮಾತಿಗೆ ಉತ್ತರ ಕೊಡಬೇಕು. ಮುಂದಿನ ಪದ್ಯಕ್ಕೆ ಸರಿಯಾಗಿ ತಂದು ನಿಲ್ಲಿಸಬೇಕು.

ಜಾಝ್ ಹೀಗೇ. ಮೊದಲು ಎಲ್ಲರೂ ಸೇರಿ ಒಂದು ಹಾಡಿನ ಧಾಟಿ ನುಡಿಸುತ್ತಾರೆ. ಅದು ಪದ್ಯ. ಆಮೇಲೆ ಒಬ್ಬೊಬ್ಬರಾಗಿ ಅದರ ಮೇಲೆ ಅರ್ಥ ಹೇಳುತ್ತಾರೆ. ಕೊನೆಗೆ ಮತ್ತೆ ಪದ್ಯಕ್ಕೆ ಬರುತ್ತಾರೆ.

ತಾಳವೂ ಇದೆ. ಬ್ಲೂಸ್ ಎಂಬ ಬಗೆಯನ್ನೇ ತೆಗೆದುಕೊಳ್ಳಿ. ಹನ್ನೆರಡು ಬಾರ್, ಒಂದೊಂದು ಬಾರ್‌ಗೆ ನಾಲ್ಕು ಎಣಿಕೆ. ಒಟ್ಟು 48 ಎಣಿಕೆಗೆ ಒಂದು ಸುತ್ತು ಮುಗಿಯುತ್ತದೆ. ನಮ್ಮ ಆವರ್ತನದ ಹಾಗೆ ಅದು ತಿರುಗುತ್ತಲೇ ಇರುತ್ತದೆ. ಆ ಸುತ್ತಿನೊಳಗೆ ಎಡಗೈಯ ಕಾರ್ಡ್ ಬದಲಾಗುವ ಜಾಗಗಳೂ ಗೊತ್ತಾಗಿರುತ್ತವೆ. ಕಾರ್ಡ್ ಅಂದರೆ ಮೂರು ನಾಲ್ಕು ಸ್ವರ ಒಟ್ಟಿಗೆ ಒತ್ತುವುದು. ಸರಳವಾದ ಬ್ಲೂಸ್‌ನಲ್ಲಿ ಮೊದಲ ನಾಲ್ಕು ಬಾರ್ ಷಡ್ಜದ ಕಾರ್ಡ್. ಆಮೇಲೆ ಎರಡು ಮಧ್ಯಮದ್ದು. ಮತ್ತೆ ಎರಡು ಷಡ್ಜ. ನಂತರ ಒಂದು ಪಂಚಮ, ಒಂದು ಮಧ್ಯಮ. ಕೊನೆಯ ಎರಡರಲ್ಲಿ ಷಡ್ಜಕ್ಕೆ ವಾಪಸ್. ಒಂದು ಬ್ಲೂಸ್ ಹಾಕಿ ಬೆರಳು ಮಡಚಿ ಎಣಿಸಿ ನೋಡಿ. ನಾಲ್ಕನೇ ಸುತ್ತಿಗೆ ಹಿಡಿತ ಸಿಗುತ್ತದೆ. ಚಪ್ಪಾಳೆಯನ್ನು ಮಾತ್ರ ಎರಡನೇ ಮತ್ತು ನಾಲ್ಕನೇ ಎಣಿಕೆಗೆ ಹಾಕಬೇಕು. ನಮ್ಮ ಕೈ ಮೊದಲ ಎಣಿಕೆಗೇ ಓಡುತ್ತದೆ. ಅದನ್ನು ತಡೆಯಲು ನನಗೆ ಒಂದು ತಿಂಗಳು ಬೇಕಾಯಿತು.

ನೀವು ಕೇಳಿದ ಮೂವರು ಮೂರು ದಿಕ್ಕಿಗೆ ಹೋಗಿರಲಿಲ್ಲ. 1953ರಿಂದ 1958ರವರೆಗೆ ಪೀಟರ್ಸನ್ ಜೊತೆ ಬಾಸ್ ಎಂಬ ದಪ್ಪ ದನಿಯ ದೊಡ್ಡ ತಂತಿವಾದ್ಯಕ್ಕೆ ರೇ ಬ್ರೌನ್, ಗಿಟಾರ್‌ಗೆ ಹರ್ಬ್ ಎಲಿಸ್ ಇದ್ದರು. ಡ್ರಮ್ಸ್ ಇರಲೇ ಇಲ್ಲ. ಎಲಿಸ್ ನಡುನಡುವೆ ಗಿಟಾರಿನ ಮರದ ಮೈಯನ್ನೇ ಬಾರಿಸಿ ಮದ್ದಲೆಯವರ ಕೆಲಸವನ್ನೂ ಮಾಡುತ್ತಿದ್ದರು. ಮೂವರೂ ಒಬ್ಬರ ಮಾತಿಗೆ ಇನ್ನೊಬ್ಬರು ಕಿವಿಗೊಟ್ಟು ನುಡಿಸಿದವರು. ಇನ್ನೊಮ್ಮೆ ಕೇಳುವಾಗ ಪಿಯಾನೊ ಬಿಟ್ಟು ಬಾಸ್ ಒಂದನ್ನೇ ಹಿಂಬಾಲಿಸಿ. ದಾರಿ ಕಾಣುತ್ತದೆ.

ಅಂಕೋಲೆಯಿಂದ: ನಾನು ಪಿಯುಸಿ ಎರಡನೇ ವರ್ಷ. ಕೀಬೋರ್ಡ್ ಚೆನ್ನಾಗಿ ನುಡಿಸುತ್ತೇನೆ ಅಂತ ಎಲ್ಲರೂ ಹೇಳುತ್ತಾರೆ. ಓದು ಬಿಟ್ಟು ಪೂರ್ತಿ ಸಂಗೀತಕ್ಕೆ ಇಳಿಯಬೇಕು ಅಂತಿದ್ದೇನೆ. ಅಪ್ಪ ಒಪ್ಪುತ್ತಿಲ್ಲ. ಪೀಟರ್ಸನ್ ಕೂಡ ಶಾಲೆ ಬಿಟ್ಟವರಂತೆ?

ಬಿಟ್ಟದ್ದು ನಿಜ, ತಮ್ಮಾ. ಆದರೆ ಹೇಗೆ ಬಿಟ್ಟರು ಅನ್ನುವುದನ್ನೂ ಕೇಳು. ಹದಿನಾಲ್ಕನೇ ವಯಸ್ಸಿಗೆ ಕೆನಡಾದ ರೇಡಿಯೋ ನಡೆಸಿದ ದೇಶಮಟ್ಟದ ಸ್ಪರ್ಧೆಯಲ್ಲಿ ಗೆದ್ದರು. ಆಮೇಲೆ ಅಪ್ಪನ ಹತ್ತಿರ ಹೋಗಿ ಶಾಲೆ ಬಿಡುತ್ತೇನೆ ಎಂದರು. ಅಪ್ಪ ಡೇನಿಯಲ್ ರೈಲಿನಲ್ಲಿ ಪೋರ್ಟರ್. ಪ್ರಯಾಣಿಕರ ಹಾಸಿಗೆ ಹಾಸಿ, ಸಾಮಾನು ಹೊತ್ತು ಐದು ಮಕ್ಕಳನ್ನು ಸಾಕಿದವರು. ಎಲ್ಲರ ಹಾಗೆ ನುಡಿಸುವುದಾದರೆ ಶಾಲೆ ಬಿಡುವುದು ಬೇಡ, ಎಲ್ಲರಿಗಿಂತ ಮೇಲಾಗುವ ಛಲ ಇದ್ದರೆ ಮಾತ್ರ ಬಿಡು ಎಂಬ ಅರ್ಥದ ಮಾತು ಹೇಳಿದರು.

ಅದೇ ಅಪ್ಪ ಇನ್ನೊಂದು ಕೆಲಸವನ್ನೂ ಮಾಡಿದ್ದರು. ಮಗನಿಗೆ ಸ್ವಲ್ಪ ಜಂಬ ಬಂದಿದ್ದ ಹೊತ್ತಿನಲ್ಲಿ ಆರ್ಟ್ ಟೇಟಮ್ ಎಂಬವರ ರೆಕಾರ್ಡ್ ತಂದು ಹಾಕಿದರು. ಟೇಟಮ್‌ಗೆ ಕಣ್ಣು ಕಾಣುತ್ತಿದ್ದದ್ದು ತೀರಾ ಕಡಿಮೆ. ಆದರೆ ಜಾಝ್‌ನಲ್ಲಿ ಅವರ ಕೈಗೆ ಸಾಟಿ ಇರಲಿಲ್ಲ. ಇಬ್ಬರು ನುಡಿಸುತ್ತಿದ್ದಾರೆ ಅಂದುಕೊಂಡ ಹುಡುಗನಿಗೆ, ಅಲ್ಲ, ಒಬ್ಬರೇ ಎಂದು ಗೊತ್ತಾದಾಗ ಅಳು ಬಂತು. ಎಷ್ಟೋ ದಿನ ಪಿಯಾನೊ ಮುಟ್ಟಲಿಲ್ಲ. ಮತ್ತೆ ಮುಟ್ಟಿದಾಗ ಗಂಟೆಗಟ್ಟಲೆ ಕೂತರು. ದಿನಾ ಕೂತರು.

ಇನ್ನೊಂದು ಲೆಕ್ಕ ನೋಡು. ಸ್ಪರ್ಧೆ ಗೆದ್ದದ್ದು 1940ರ ಹೊತ್ತಿಗೆ. ಹೊರಗಿನ ಜಗತ್ತಿಗೆ ಹೆಸರು ತಿಳಿದದ್ದು 1949ರಲ್ಲಿ. ನಡುವಿನ ಅಷ್ಟೂ ವರ್ಷ ಮಾಂಟ್ರಿಯಲ್‌ನಲ್ಲೇ ರೇಡಿಯೋಗೆ, ಡ್ಯಾನ್ಸ್ ಬ್ಯಾಂಡಿಗೆ, ರಾತ್ರಿ ಊಟದ ಕ್ಲಬ್ಬಿಗೆ ನುಡಿಸಿದರು. ಆ ಬ್ಯಾಂಡಿನಲ್ಲಿ ಇವರೊಬ್ಬರೇ ಕರಿಯರು. ಬಣ್ಣದ ಕಾರಣಕ್ಕೆ ಬಾಗಿಲು ಮುಚ್ಚಿದ ಜಾಗಗಳನ್ನೂ ಕಂಡರು. ಒಂದು ದಿನ ಅಮೆರಿಕದ ಜಾಝ್ ಕಛೇರಿಗಳ ಸಂಘಟಕ ನಾರ್ಮನ್ ಗ್ರಾಂಜ್ ಮಾಂಟ್ರಿಯಲ್‌ನಲ್ಲಿ ಟ್ಯಾಕ್ಸಿ ಹತ್ತಿ ಏರ್‌ಪೋರ್ಟಿಗೆ ಹೊರಟಿದ್ದರು. ರೇಡಿಯೋದಲ್ಲಿ ಪಿಯಾನೊ ಬರುತ್ತಿತ್ತು. ಯಾವ ರೆಕಾರ್ಡ್ ಇದು ಎಂದು ಕೇಳಿದರು. ರೆಕಾರ್ಡ್ ಅಲ್ಲ, ಆಲ್ಬರ್ಟಾ ಲೌಂಜ್‌ನಿಂದ ನೇರ ಪ್ರಸಾರ ಎಂದ ಚಾಲಕ. ಟ್ಯಾಕ್ಸಿ ಅಲ್ಲಿಂದಲೇ ತಿರುಗಿತು. ಅದೇ ಸೆಪ್ಟೆಂಬರ್‌ನಲ್ಲಿ ಪೀಟರ್ಸನ್ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿದ್ದರು. ಅಮೆರಿಕದಲ್ಲಿ ಕೆಲಸದ ಪರವಾನಗಿ ಇರಲಿಲ್ಲ. ಅದಕ್ಕೆ ಪ್ರೇಕ್ಷಕರ ನಡುವೆ ಕೂರಿಸಿ ಅತಿಥಿ ಎಂದು ವೇದಿಕೆಗೆ ಕರೆದರು. ಆಗ ವಯಸ್ಸು 24.

ನಿನ್ನ ಅಪ್ಪ ಬೇಡ ಅನ್ನುವುದು ಸಂಗೀತವನ್ನೋ, ಓದು ಬಿಡುವುದನ್ನೋ? ಅದನ್ನು ಮೊದಲು ಕೂತು ಕೇಳು. ಪರೀಕ್ಷೆಗೆ ಇನ್ನು ಕೆಲವೇ ತಿಂಗಳಿದೆ. ಮುಗಿಸು. ಬೆಳಿಗ್ಗೆ ಎರಡು ಗಂಟೆ ನುಡಿಸು, ಒಂದು ದಿನವೂ ತಪ್ಪಿಸಬೇಡ. ಆರು ತಿಂಗಳು ಹಾಗೆ ನಡೆದರೆ ಅಪ್ಪನ ಜೊತೆ ನಾನೇ ಫೋನಿನಲ್ಲಿ ಮಾತಾಡುತ್ತೇನೆ.

ಇನ್ನೊಂದು ಮಾತು. 1962ರಲ್ಲಿ ಪೀಟರ್ಸನ್ 'ಹಿಮ್ ಟು ಫ್ರೀಡಮ್' ಎಂಬ ರಚನೆ ಮಾಡಿದರು, ಸ್ವಾತಂತ್ರ್ಯದ ಸ್ತೋತ್ರ ಅನ್ನಬಹುದು. ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ನಡೆಸುತ್ತಿದ್ದ ಹೋರಾಟ ಅದರ ಹಿಂದಿತ್ತು. ಕಿಂಗ್ ಯಾರ ದಾರಿ ಹಿಡಿದವರು ಅಂತ ನಿನಗೆ ಗೊತ್ತು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ಊರಿನವನು ನೀನು. ಅದನ್ನು ಕೇಳಲೇಬೇಕು. ನಿಧಾನದ ಧಾಟಿ, ಬೆರಳಿನ ಓಟ ಕಡಿಮೆ. ನುಡಿಸಲು ಕಲಿಯುವುದಾದರೆ ಅದರಿಂದಲೇ ಶುರು ಮಾಡು.

ಭಟ್ಕಳದಿಂದ: ಮಗಳಿಗೆ 61 ಕೀ ಇರುವ ಕೀಬೋರ್ಡ್ ಕೊಡಿಸಿದ್ದೇನೆ. ಪಿಯಾನೊ ಕಲಿಯಲು ಸಾಕಾಗುತ್ತದೆಯೇ?

ಒಂದೆರಡು ವರ್ಷಕ್ಕೆ ಸಾಕು. ಪೂರ್ತಿ ಪಿಯಾನೊಗೆ 88 ಮನೆ, ಅಂದರೆ ಕೀ. ಪೀಟರ್ಸನ್ ಇಷ್ಟಪಟ್ಟ ಬೋಸೆಂಡಾರ್ಫರ್ ಕಂಪನಿಯ ದೊಡ್ಡ ಪಿಯಾನೊಗೆ 97. ನಮ್ಮ ಪೇಟಿಗೆ 40ರ ಆಸುಪಾಸು. ಮುಂದೆ ಬದಲಾಯಿಸುವಾಗ ಮನೆಗಳ ಲೆಕ್ಕಕ್ಕಿಂತ, ಒತ್ತಿದರೆ ಬೆರಳಿಗೆ ಭಾರ ತಿಳಿಯುತ್ತದೆಯೇ ನೋಡಿ ಕೊಳ್ಳಿ. ಹಗುರ ಕೀಯಲ್ಲಿ ಕಲಿತ ಬೆರಳು ನಿಜವಾದ ಪಿಯಾನೊ ಮುಂದೆ ಸೋಲುತ್ತದೆ. ಸಮುದ್ರದ ಉಪ್ಪುಗಾಳಿಗೆ ಕಿಟಕಿ ಹತ್ತಿರ ಇಡಬೇಡಿ. ಮಳೆಗಾಲದಲ್ಲಿ ಬಟ್ಟೆ ಹೊದಿಸಿ.

ಕುಮಟೆಯಿಂದ: ಜಾಝ್ ಪಿಯಾನೊ ನಮ್ಮ ದೇಶಕ್ಕೆ ಬಂದಿತ್ತೇ?

ಬಂದಿತ್ತು, ಅದೂ ನಮ್ಮ ಕರಾವಳಿಯ ಪಕ್ಕದಲ್ಲೇ. 1930ರ ದಶಕದಲ್ಲಿ ಅಮೆರಿಕದ ಪಿಯಾನೊ ವಾದಕ ಟೆಡ್ಡಿ ವೆದರ್‌ಫೋರ್ಡ್ ಮುಂಬೈನ ತಾಜ್ ಹೋಟೆಲಿನಲ್ಲಿ ನುಡಿಸುತ್ತಿದ್ದರು. 1945ರಲ್ಲಿ ಕಲ್ಕತ್ತದಲ್ಲೇ ತೀರಿಕೊಂಡರು. ಆ ಕಾಲದ ಮುಂಬೈ ಬ್ಯಾಂಡುಗಳಲ್ಲಿ ತುಂಬಿದ್ದವರು ಗೋವಾದ ಕಲಾವಿದರು. ಕಾಳಿ ನದಿ ದಾಟಿ ಸ್ವಲ್ಪ ಮುಂದೆ ಹೋದರೆ ಅವರ ಊರುಗಳೇ. ಚರ್ಚಿನ ಶಾಲೆಗಳಲ್ಲಿ ಸ್ವರಲಿಪಿ ಕಲಿತವರು. ರಾತ್ರಿ ಹೋಟೆಲಿನಲ್ಲಿ ಜಾಝ್, ಹಗಲು ಸಿನಿಮಾ ಸ್ಟುಡಿಯೋದಲ್ಲಿ ಹಿಂದಿ ಹಾಡು. ಆಮೇಲಿನವರಲ್ಲಿ ಲೂಯಿಸ್ ಬ್ಯಾಂಕ್ಸ್ ಹೆಸರು ಹೇಳಲೇಬೇಕು. 1941ರಲ್ಲಿ ಡಾರ್ಜಿಲಿಂಗ್‌ನಲ್ಲಿ ಹುಟ್ಟಿದ ಜಾಝ್ ಪಿಯಾನೊ ವಾದಕ. ದೂರದರ್ಶನದ 'ಮಿಲೇ ಸುರ್ ಮೇರಾ ತುಮ್ಹಾರಾ' ನೆನಪಿದೆ ಅಲ್ವಾ? ಅದರ ಸಂಗೀತದಲ್ಲಿ ಅವರ ಕೈ ಇದೆ.

ದಾಂಡೇಲಿಯಿಂದ: ಇಪ್ಪತ್ತೆರಡು ವರ್ಷದಿಂದ ಮನೆಯಲ್ಲೇ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದೇನೆ. ಒಬ್ಬರೂ ಹೆಸರು ಮಾಡಲಿಲ್ಲ. ಹತ್ತನೇ ತರಗತಿಗೆ ಬಂದ ಕೂಡಲೇ ಬಿಟ್ಟು ಹೋಗುತ್ತಾರೆ. ಕೆಲವೊಮ್ಮೆ ಬೇಸರ ಬರುತ್ತದೆ. ಪೀಟರ್ಸನ್ ಅವರಿಗೆ ಕಲಿಸಿದವರು ಯಾರು?

ಅಕ್ಕಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನನ್ನ ಮನೆಯ ಮೆಟ್ಟಿಲು ಇಳಿದು ಹೋದ ಮಕ್ಕಳ ಮುಖಗಳೂ ಕಣ್ಣ ಮುಂದೆ ಬಂದವು.

ಕಲಿಸಿದವರು ಅಕ್ಕ. ಹೆಸರು ಡೇಸಿ. ಅದಕ್ಕೂ ಮೊದಲು ಅಪ್ಪ. ವೆಸ್ಟ್ ಇಂಡೀಸ್ ದ್ವೀಪಗಳಿಂದ ಬಂದವರು ಅವರು. ರೈಲಿಗೆ ಸೇರುವ ಮೊದಲು ಹಡಗಿನಲ್ಲಿದ್ದರು. ಮಡಚಿ ಇಡುವ ಒಂದು ಸಣ್ಣ ಆರ್ಗನ್ ಇಟ್ಟುಕೊಂಡು ಅಲ್ಲೇ ತಾವಾಗಿ ಕಲಿತರು. ಮನೆ ಕಟ್ಟಿದ ಮೇಲೆ ಐದೂ ಮಕ್ಕಳಿಗೆ ಸಂಗೀತ ಕಡ್ಡಾಯ. ರೈಲು ಹತ್ತುವ ಮುಂಚೆ ಪಾಠ ಕೊಟ್ಟು ಹೋಗುವುದು, ವಾಪಸ್ ಬಂದಾಗ ಒಪ್ಪಿಸಿಕೊಳ್ಳುವುದು. ದೊಡ್ಡವರು ಸಣ್ಣವರಿಗೆ ಕಲಿಸಬೇಕು. ಆಸ್ಕರ್ ಮೊದಲು ಟ್ರಂಪೆಟ್ ಊದುತ್ತಿದ್ದರು. ಏಳನೇ ವಯಸ್ಸಿನ ಹೊತ್ತಿಗೆ ಕ್ಷಯ ಬಂತು. ಒಂದು ವರ್ಷದ ಮೇಲೆ ಆಸ್ಪತ್ರೆಯಲ್ಲಿದ್ದರು. ಅಣ್ಣ ಫ್ರೆಡ್ ಅದೇ ಕಾಯಿಲೆಗೆ ತೀರಿಕೊಂಡ. ಬದುಕಿ ಬಂದ ಆಸ್ಕರ್‌ಗೆ ಊದುವ ವಾದ್ಯ ಬೇಡ ಎಂದಾಯಿತು. ಆಮೇಲೆ ಪಿಯಾನೊ ಒಂದೇ.

ಡೇಸಿ ಮದುವೆಯಾಗಿ ಡೇಸಿ ಸ್ವೀನಿ ಆದರು. ಮಾಂಟ್ರಿಯಲ್ ಬಿಡದೆ ಅದೇ ಕಾರ್ಮಿಕರ ಬೀದಿಗಳ ನೂರಾರು ಮಕ್ಕಳಿಗೆ ಪಿಯಾನೊ ಹೇಳಿಕೊಟ್ಟರು. 2017ರಲ್ಲಿ, 97ನೇ ವಯಸ್ಸಿಗೆ ಹೋದರು. ಅವರ ಶಿಷ್ಯರಲ್ಲಿ ಆಸ್ಕರ್ ಒಬ್ಬರು, ಆಲಿವರ್ ಜೋನ್ಸ್ ಎಂಬ ಇನ್ನೊಬ್ಬ ದೊಡ್ಡ ಜಾಝ್ ವಾದಕ ಒಬ್ಬರು. ಉಳಿದ ನೂರಾರು ಮಕ್ಕಳ ಹೆಸರು ಪತ್ರಿಕೆಯಲ್ಲಿ ಬಂದಿಲ್ಲ. ಆ ಮಕ್ಕಳಿಗೂ ಡೇಸಿ ಅದೇ ಪಾಠ ಹೇಳಿದರು.

ಆಮೇಲೆ ಆಸ್ಕರ್ ಹಂಗೇರಿಯ ಪಾಲ್ ಡಿ ಮಾರ್ಕಿ ಹತ್ತಿರ ಹೋದರು. ಮಾರ್ಕಿಯ ಗುರು ಇಷ್ಟ್ವಾನ್ ತೊಮಾನ್, ತೊಮಾನ್‌ರ ಗುರು ಹತ್ತೊಂಬತ್ತನೇ ಶತಮಾನದ ಮಹಾ ಪಿಯಾನೊ ವಾದಕ ಫ್ರಾಂಜ್ ಲಿಸ್ಟ್. ನಮ್ಮ ಲೆಕ್ಕದಲ್ಲಿ ಘರಾನಾ. ರೈಲ್ವೆ ಪೋರ್ಟರ್‌ನ ಮಗ ಲಿಸ್ಟ್‌ನ ಘರಾನಾಕ್ಕೆ ಸೇರಿದ. ಮುಂದೆ ಆಸ್ಕರ್ ಅವರನ್ನು ಜಾಝ್‌ನ ಹಿರಿಯ ಡ್ಯೂಕ್ ಎಲಿಂಗ್ಟನ್ ಕೀಬೋರ್ಡಿನ ಮಹಾರಾಜ ಎಂದು ಕರೆದರು. 2005ರಲ್ಲಿ, ಎಂಬತ್ತು ತುಂಬಿದ ದಿನ, ಕೆನಡಾದ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತು. ಅಷ್ಟೆಲ್ಲ ಆದಮೇಲೂ ಮೊದಲ ಪಾಠ ಅಕ್ಕನದ್ದೇ ಅಲ್ವಾ.

ಹೊನ್ನಾವರದಿಂದ: ಅಪ್ಪನಿಗೆ 71 ವರ್ಷ. ನಮ್ಮೂರ ಭಜನೆಗೆ ಮೂವತ್ತೈದು ವರ್ಷ ಪೇಟಿ ನುಡಿಸಿದವರು. ನಾಲ್ಕು ತಿಂಗಳ ಹಿಂದೆ ಲಕ್ವ ಆಯಿತು. ಎಡಗೈ ಎತ್ತಲು ಆಗುತ್ತದೆ, ಬೆರಳು ಕೇಳುವುದಿಲ್ಲ. ಬಲಗೈ ಸರಿಯಿದೆ. ಪೇಟಿ ನೋಡಿದರೆ ಮುಖ ತಿರುಗಿಸುತ್ತಾರೆ. ಒಳಗೆ ತೆಗೆದಿಡಲೇ? ಪೀಟರ್ಸನ್ ಹೇಗೆ ನುಡಿಸಿದರು?

ತೆಗೆದಿಡಬೇಡಿ. ಇದನ್ನು ನಾನು ತಪ್ಪು ಮಾಡಿ ಕಲಿತವಳಾಗಿ ಹೇಳುತ್ತಿದ್ದೇನೆ.

ನನ್ನ ಯಜಮಾನರು ತಬಲಾ ಬಾರಿಸುತ್ತಿದ್ದರು. 2010ರಲ್ಲಿ ಅವರಿಗೂ ಎಡಭಾಗಕ್ಕೇ ಲಕ್ವ ಆಯಿತು. ಎಡಗೈ ಅಂದರೆ ಡಗ್ಗಾದ ಕೈ, ತಬಲಾ ಜೋಡಿಯಲ್ಲಿ ದಪ್ಪ ದನಿಯದ್ದು ಡಗ್ಗಾ. ಇನ್ನು ತಬಲಾ ಗಿಬಲಾ ಮರೆತುಬಿಡಿ ಎಂದು ಒಬ್ಬ ವೈದ್ಯರು ಅವರ ಎದುರಿಗೇ ಹೇಳಿದ್ದರು. ನಾನು ಅದನ್ನು ನಂಬಿದೆ. ಕಣ್ಣಿಗೆ ಬಿದ್ದರೆ ಸಂಕಟ ಪಡುತ್ತಾರೆ ಅಂತ ಜೋಡಿಯನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಹದಿಮೂರು ತಿಂಗಳು ಅವರು ಏನೂ ಕೇಳಲಿಲ್ಲ. ಒಂದು ದಿನ ಊಟಕ್ಕೆ ಕೂತವರು, "ನನ್ನ ಡಗ್ಗಾ ಯಾರಿಗೆ ಕೊಟ್ಟೆ?" ಎಂದರು. ಕೊಟ್ಟಿಲ್ಲ, ಮೇಲಿದೆ ಎಂದೆ. ಅನ್ನ ಬಿಟ್ಟು ಎದ್ದರು. ಇಳಿಸಿ ನೋಡಿದರೆ ಒಂದು ಮಳೆಗಾಲದ ತೇವಕ್ಕೆ ಡಗ್ಗಾದ ಚರ್ಮ ಬೂಸ್ಟು ಹಿಡಿದು ಹಾಳಾಗಿತ್ತು. ಅವರು ಅದರ ಮೇಲೆ ಸೋತ ಕೈ ಇಟ್ಟುಕೊಂಡು ಬಹಳ ಹೊತ್ತು ಕೂತರು. ಆ ಹದಿಮೂರು ತಿಂಗಳು ನಾನು ಅವರಿಂದ ಕಿತ್ತುಕೊಂಡದ್ದು. ಇವತ್ತಿಗೂ ಅದು ನನ್ನನ್ನು ಬಿಟ್ಟಿಲ್ಲ.

ಪೀಟರ್ಸನ್ ಕಥೆ ಆಗ ನೆನಪಾಯಿತು. 1993ರಲ್ಲಿ ನ್ಯೂಯಾರ್ಕಿನ ಒಂದು ಕ್ಲಬ್ಬಿನಲ್ಲಿ ನುಡಿಸುತ್ತಿರುವಾಗಲೇ ಎಡಗೈ ಮಾತು ಕೇಳುವುದು ನಿಂತಿತು. ಅವರ ಎಡಗೈ ಅಂದರೆ ಸಾಮಾನ್ಯ ಎಡಗೈ ಅಲ್ಲ. ಬಲಗೈಯಷ್ಟೇ ವೇಗವಾಗಿ ಓಡುತ್ತಿದ್ದ ಕೈ. ಎಷ್ಟೋ ಜನ ಅದನ್ನು ಕೇಳಲಿಕ್ಕೇ ಬರುತ್ತಿದ್ದರು. ಸುಮಾರು ಎರಡು ವರ್ಷ ವೇದಿಕೆಯಿಂದ ದೂರ ಉಳಿದರು. ಫಿಸಿಯೋಥೆರಪಿ ಮಾಡಿಸಿಕೊಂಡರು. ಎಡಗೈ ಸ್ವಲ್ಪ ಬಂತು, ಮೊದಲಿನಂತೆ ಬರಲಿಲ್ಲ. ಆದರೂ ತಿರುಗಿ ಬಂದು ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಛೇರಿ ಮಾಡಿದರು. ಬಲಗೈ ಧಾಟಿ ನುಡಿಸುವಾಗ ಎಡಗೈ ಅಲ್ಲಲ್ಲಿ ಒಂದೆರಡು ಕಾರ್ಡ್ ಒತ್ತುತ್ತಿತ್ತು. ಉಳಿದ ಜಾಗವನ್ನು ಜೊತೆಗಾರರು ತುಂಬುತ್ತಿದ್ದರು. ಬಾಸ್‌ನಲ್ಲಿ ಡೆನ್ಮಾರ್ಕಿನ ನೀಲ್ಸ್ ಹೆನಿಂಗ್ ಪೆಡರ್ಸನ್, ಗಿಟಾರ್‌ನಲ್ಲಿ ಸ್ವೀಡನ್ನಿನ ಉಲ್ಫ್ ವಕೇನಿಯಸ್, ಡ್ರಮ್ಸ್‌ನಲ್ಲಿ ಮಾರ್ಟಿನ್ ಡ್ರೂ. 2003ರಲ್ಲಿ ವಿಯೆನ್ನಾದಲ್ಲಿ ಈ ನಾಲ್ವರು ನುಡಿಸಿದ್ದರ ವಿಡಿಯೋ ಇದೆ. ಅಪ್ಪನ ಜೊತೆ ಕೂತು ನೋಡಿ. ಹಳೆಯ ಪೀಟರ್ಸನ್ ಇದರಲ್ಲಿಲ್ಲ ಎಂದು ಕೆಲವರು ಹೇಳುತ್ತಾರೆ. ವೇಗ ಇಲ್ಲ, ನಿಜ. ಆದರೆ ನಿಧಾನದ ಹಾಡುಗಳನ್ನು ನಾನು ಆ ಕೊನೆಯ ವರ್ಷಗಳ ಪೀಟರ್ಸನ್‌ರಿಂದಲೇ ಕೇಳಲು ಇಷ್ಟಪಡುತ್ತೇನೆ. ಒಂದೊಂದು ಸ್ವರವನ್ನೂ ಹುಡುಕಿ ಇಡುತ್ತಾರೆ.

ನಮ್ಮ ಮನೆಯಲ್ಲೂ ಹಾಗೇ ಮಾಡಿದೆವು. ಅವರು ಬಲಗೈಯಲ್ಲಿ ತಬಲಾ ಒಂದನ್ನೇ ಬಾರಿಸಿದರು. ಡಗ್ಗಾದ ಗುಂಕಿ ಬರಬೇಕಾದ ಕಡೆ ನಾನು ಪಿಯಾನೊದ ಕೆಳಗಿನ ಮನೆಗಳನ್ನು ಎಡಗೈಯಲ್ಲಿ ಒತ್ತಿದೆ. ಕೇಳುವವರಿಗೆ ವಿಚಿತ್ರ ಅನಿಸಿರಬಹುದು. ನಮಗೆ ಸಂಜೆ ಆರೂವರೆ ಆಗುವುದನ್ನೇ ಕಾಯುವ ಹಾಗಾಯಿತು. 2016ರಲ್ಲಿ ಹೋಗುವ ವಾರದ ತನಕ ಬಾರಿಸಿದರು.

ಈಗ ನಿಮ್ಮ ಅಪ್ಪನ ವಿಷಯ. ಪೇಟಿಯಲ್ಲಿ ಸ್ವರ ನುಡಿಸುವುದು ಬಲಗೈ. ಎಡಗೈ ಗಾಳಿ ಹಾಕುತ್ತದೆ ಅಷ್ಟೇ. ಪೀಟರ್ಸನ್ ಕಳೆದುಕೊಂಡದ್ದು ಅರ್ಧ ಸಂಗೀತ. ನಿಮ್ಮ ಅಪ್ಪ ಕಳೆದುಕೊಂಡದ್ದು ಗಾಳಿ. ಅವರ ಸಂಗೀತ ಬಲಗೈಯಲ್ಲಿ ಹಾಗೇ ಇದೆ. ಆ ಗಾಳಿಯನ್ನು ನೀವು ಕೊಡಬಹುದು. ತಿದಿ ಇರುವುದು ಪೇಟಿಯ ಹಿಂಬದಿಯಲ್ಲಿ. ಎದುರಿಗೆ ಕೂತರೆ ನಿಮ್ಮ ಕೈಗೆ ಸಿಗುತ್ತದೆ. ಜಗ್ಗಿ ಹಾಕಬೇಡಿ, ಸ್ವರ ಅಲುಗಾಡುತ್ತದೆ. ಸಮನಾಗಿ, ಸಣ್ಣದಾಗಿ ಹಾಕುತ್ತಿರಿ. ಅವರು ಸಾಲು ಮುಗಿಸುವಾಗ ಗಾಳಿ ಕಡಿಮೆ ಮಾಡಬೇಕು, ಏರುವಾಗ ತುಂಬಬೇಕು. ನಾಲ್ಕು ದಿನಕ್ಕೆ ಅವರ ಮುಖ ನೋಡಿಯೇ ನಿಮಗೆ ತಿಳಿಯುತ್ತದೆ.

ಮೊದಲ ದಿನವೇ ನುಡಿಸಿ ಎಂದು ಒತ್ತಾಯ ಮಾಡಬೇಡಿ. ಪೇಟಿಯನ್ನು ಅವರು ಕೂರುವ ಜಾಗದ ಹತ್ತಿರ ಮುಚ್ಚಳ ತೆಗೆದು ಇಡಿ. ನೀವೇ ಒಂದು ಬೆರಳಲ್ಲಿ ಅವರ ಭಜನೆಯ ಧಾಟಿ ತಪ್ಪುತಪ್ಪಾಗಿ ಹುಡುಕಿ. ಮೂವತ್ತೈದು ವರ್ಷ ನುಡಿಸಿದವರಿಗೆ ತಪ್ಪು ಸ್ವರ ಕೇಳಿ ಸುಮ್ಮನೆ ಕೂರಲು ಆಗುವುದಿಲ್ಲ. ಎಡಗೈ ಬೆರಳಿನ ಅಭ್ಯಾಸವನ್ನು ಫಿಸಿಯೋಥೆರಪಿಯವರನ್ನು ಕೇಳಿಯೇ ಮಾಡಿಸಿ. ನಾಲ್ಕು ತಿಂಗಳು ಅಂದರೆ ಇನ್ನೂ ಕೈ ಬಿಡುವ ಹೊತ್ತಲ್ಲ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸಿದಷ್ಟೂ ಮಿದುಳು ಕಲಿಯುತ್ತದೆ ಎಂದು ನಮ್ಮ ಮನೆಗೆ ಬರುತ್ತಿದ್ದ ಹುಡುಗಿ ಹೇಳುತ್ತಿದ್ದಳು. ಅವರು ಒಪ್ಪಿದರೆ ತಿದಿಯ ಮೇಲೆ ನಿಮ್ಮ ಕೈ ಜೊತೆ ಅಪ್ಪನ ಎಡಗೈಯನ್ನೂ ಇಟ್ಟುಕೊಳ್ಳಿ.

ಪತ್ರದ ಜೊತೆ ಪೇಟಿಯ ಫೋಟೋ ಕಳಿಸಿದ್ದೀರಿ. ತಿದಿಯ ಮಡಿಕೆಯಲ್ಲಿ, ಬಲತುದಿಗೆ, ಚರ್ಮ ಸೀಳಿದ ಹಾಗೆ ಕಾಣುತ್ತದೆ. ಮೊದಲು ಅದನ್ನು ಸರಿ ಮಾಡಿಸಿ. ಗಾಳಿ ಸೋರಿದರೆ ಅರ್ಧ ಭಜನೆಗೇ ನಿಮ್ಮ ಕೈ ಸೋಲುತ್ತದೆ.